ವಿಂಡೋಸ್ ಇವೆಂಟ್ ಲಾಗ್‌ನ ಕೆಂಪು ಗುರುತು: ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು?

"ಸರ್, ನಿಮ್ಮ ಕಂಪ್ಯೂಟರ್ ತುಂಬಾ ಎರರ್‌ಗಳಿವೆ, ಬೇಕಿದ್ದರೆ ನೀವೇ ನೋಡಿ." ಹೀಗೆ ಫೋನ್ ಮಾಡುವ ವಂಚಕರು ತೋರಿಸುವುದು ನಕಲಿ ಪರದೆಯನ್ನಲ್ಲ, ವಿಂಡೋಸ್‌ನಲ್ಲೇ ಇರುವ 'ಇವೆಂಟ್ ವ್ಯೂವರ್' ಅನ್ನು. ಅಲ್ಲಿ ಕೆಂಪು ಗುರುತುಗಳಿರುವುದೂ ನಿಜವೇ. ಸುಳ್ಳಿರುವುದು ಅವಕ್ಕೆ ಅವರು ಹೇಳುವ ಅರ್ಥದಲ್ಲಿ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2012ರ ಅಕ್ಟೋಬರ್‌ನಲ್ಲಿ ಇಂಥ ಜಾಲಗಳ ಮೇಲೆ ಕ್ರಮ ಕೈಗೊಂಡಾಗ ಬಯಲಾದ ತಂತ್ರವೂ ಇದೇ. ಹೆದರಿದ ಗ್ರಾಹಕರಿಂದ 49ರಿಂದ 450 ಡಾಲರ್‌ವರೆಗೆ ಕಿತ್ತುಕೊಳ್ಳಲಾಗಿತ್ತು. ಆ ಜಾಲಗಳಲ್ಲಿ ಹೆಚ್ಚಿನವು ಭಾರತದಿಂದಲೇ ನಡೆಯುತ್ತಿದ್ದವು.

ಇವೆಂಟ್ ಲಾಗ್ ಹೊಸದೇನಲ್ಲ. 1993ರಲ್ಲಿ ಬಂದ ವಿಂಡೋಸ್ ಎನ್‌ಟಿ 3.1ರಿಂದಲೂ ಇದೆ. ಅಂಗಡಿಯ ಕಿರ್ದಿ ಪುಸ್ತಕದ ಹಾಗೆ, ಕಂಪ್ಯೂಟರ್‌ನಲ್ಲಿ ನಡೆದದ್ದನ್ನೆಲ್ಲ ಸಮಯದ ಸಮೇತ ಬರೆದಿಡುವುದು ಅದರ ಕೆಲಸ. ಪ್ರತಿ ದಾಖಲೆಗೂ ಒಂದು ಮೂಲ, ಒಂದು ಇವೆಂಟ್ ಐಡಿ, ಒಂದು ಮಟ್ಟ ಇರುತ್ತದೆ: ಮಾಹಿತಿ, ಎಚ್ಚರಿಕೆ, ಎರರ್, ಕ್ರಿಟಿಕಲ್. ಯಾವುದೋ ಸರ್ವಿಸ್ ಎರಡು ಸೆಕೆಂಡ್ ತಡವಾಗಿ ಎದ್ದರೂ ಅಲ್ಲೊಂದು ಎರರ್ ಬೀಳಬಹುದು. ಹೊಸ ಲ್ಯಾಪ್‌ಟಾಪ್‌ನಲ್ಲೂ ಮೊದಲ ವಾರವೇ ಹತ್ತಾರು ಎರರ್ ಕಂಡರೆ ಆಶ್ಚರ್ಯವಿಲ್ಲ.

ಗೊಂದಲ ಹೆಚ್ಚು ಹುಟ್ಟಿಸುವುದು 'ಪರ್ಫ್‌ಲಿಬ್' ಎಂಬ ಮೂಲದಿಂದ ಬರುವ 1008 ಮತ್ತು 1023 ಸಂಖ್ಯೆಯ ಎರರ್‌ಗಳು. ವಿಂಡೋಸ್‌ನ ಪರ್ಫಾರ್ಮೆನ್ಸ್ ಮಾನಿಟರ್ ಪ್ರೊಸೆಸರ್, ಮೆಮೊರಿ, ಡಿಸ್ಕ್‌ಗಳ ಅಂಕಿಗಳನ್ನು 'ಕೌಂಟರ್'ಗಳ ಮೂಲಕ ಪಡೆಯುತ್ತದೆ. ಬೇರೆ ಬೇರೆ ಸಾಫ್ಟ್‌ವೇರ್‌ಗಳು ತಮ್ಮ ಅಂಕಿಗಳನ್ನು ಕೊಡಲು ತಮ್ಮದೇ ಡಿಎಲ್‌ಎಲ್ ಫೈಲ್ ಇಟ್ಟುಕೊಂಡಿರುತ್ತವೆ. ಸಾಫ್ಟ್‌ವೇರ್ ತೆಗೆದುಹಾಕಿದ ಮೇಲೂ ಅದರ ಹೆಸರು ರಿಜಿಸ್ಟ್ರಿಯಲ್ಲಿ ಉಳಿದರೆ, ಮಾನಿಟರ್ ಅದನ್ನು ಕೇಳುತ್ತಲೇ ಇರುತ್ತದೆ, ಉತ್ತರ ಸಿಗದೆ ಎರರ್ ಬರೆಯುತ್ತದೆ. ಕೆಟ್ಟಿರುವುದು ಥರ್ಮಾಮೀಟರ್, ರೋಗಿಯ ಮೈಯಲ್ಲ. ಕಿರಿಕಿರಿಯಾದರೆ ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಲೋಡ್‌ಸಿಟಿಆರ್' ಆದೇಶವನ್ನು (ಇಂಗ್ಲಿಷ್ ಅಕ್ಷರಗಳು ಎಲ್-ಒ-ಡಿ-ಸಿ-ಟಿ-ಆರ್, ನಂತರ ಒಂದು ಸ್ಪೇಸ್, ಓರೆಗೆರೆ, ದೊಡ್ಡ ಆರ್) ಕೊಟ್ಟು ಕೌಂಟರ್‌ಗಳನ್ನು ಮರುಜೋಡಿಸಬಹುದು. 'ಡಿಸ್ಟ್ರಿಬ್ಯೂಟೆಡ್‌ಕಾಮ್ 10016' ಎಂಬ ದಾಖಲೆಯನ್ನಂತೂ ಸುಮ್ಮನೆ ಬಿಟ್ಟರಾಯಿತು ಎಂದು ಮೈಕ್ರೋಸಾಫ್ಟ್ ತಾನೇ ಹೇಳಿದೆ.

ಹಾಗೆಂದು ಎಲ್ಲವನ್ನೂ ಬಿಡುವಂತಿಲ್ಲ. 'ಡಿಸ್ಕ್' ಮೂಲದ ಇವೆಂಟ್ 7 ಬಂದರೆ ಹಾರ್ಡ್ ಡಿಸ್ಕ್‌ನಲ್ಲಿ ಕೆಟ್ಟ ಬ್ಲಾಕ್ ಇದೆ ಎಂದರ್ಥ. ಅಂದೇ ಫೋಟೊ, ದಾಖಲೆಗಳ ಬ್ಯಾಕಪ್ ತೆಗೆಯಬೇಕು. 'ಕರ್ನಲ್-ಪವರ್ 41' ಎಂದರೆ ಯಂತ್ರ ಸರಿಯಾಗಿ ಮುಚ್ಚದೆ ಮತ್ತೆ ಎದ್ದಿದೆ. ಕರೆಂಟ್ ಹೋದ ಹೊತ್ತಿಗೂ ಅದರ ಸಮಯಕ್ಕೂ ತಾಳೆಯಾದರೆ ಚಿಂತೆಯಿಲ್ಲ, ಯುಪಿಎಸ್ ಸಾಕು. ಕರೆಂಟ್ ಇದ್ದಾಗಲೂ ಪದೇ ಪದೇ ಬಂದರೆ ಬಿಸಿ, ಪವರ್ ಸಪ್ಲೈ, ಡ್ರೈವರ್‌ಗಳನ್ನು ಪರೀಕ್ಷಿಸಬೇಕು. ಲಾಗ್ ಓದುವಾಗ ಎರರ್‌ಗಳ ಲೆಕ್ಕಕ್ಕಿಂತ ಸಮಯವೇ ಮುಖ್ಯ. ಕಂಪ್ಯೂಟರ್ ಸಿಕ್ಕಿಬಿದ್ದ ನಿಮಿಷದಲ್ಲಿ ಏನು ದಾಖಲಾಗಿದೆ ಎಂದು ಮೊದಲು ನೋಡಬೇಕು. ಅಷ್ಟೆಲ್ಲ ಜಾಲಾಡುವ ತಾಳ್ಮೆ ಇಲ್ಲದವರಿಗೆ 'ರಿಲಯಬಿಲಿಟಿ ಮಾನಿಟರ್' ಇದೆ. ಅದು ದಿನದಿನದ ಸ್ಥಿರತೆಗೆ 1ರಿಂದ 10ರವರೆಗೆ ಅಂಕ ಕೊಟ್ಟು, ಯಾವ ದಿನ ಯಾವ ಪ್ರೋಗ್ರಾಂ ಕುಸಿಯಿತು ಎಂದು ತೋರಿಸುತ್ತದೆ.

ನಿಧಾನಗತಿಯ ಕಾರಣ ಹಿಡಿಯಲು ಲಾಗ್ ಅನ್ನು ನಾವೇ ಬರೆಸಬಹುದು. ಪರ್ಫಾರ್ಮೆನ್ಸ್ ಮಾನಿಟರ್‌ನ 'ಡೇಟಾ ಕಲೆಕ್ಟರ್ ಸೆಟ್ಸ್'ನಲ್ಲಿ 'ಯೂಸರ್ ಡಿಫೈನ್ಡ್' ಅಡಿ ಹೊಸ ಸೆಟ್ ಮಾಡಿ, 'ಪರ್ಫಾರ್ಮೆನ್ಸ್ ಕೌಂಟರ್ ಅಲರ್ಟ್' ಆರಿಸಿ, ಉಳಿದಿರುವ ಮೆಮೊರಿ ಉದಾಹರಣೆಗೆ 500 ಎಂಬಿಗಿಂತ ಇಳಿದಾಗ ಎಚ್ಚರಿಸು ಎಂದು ಮಿತಿ ಹಾಕಬೇಕು. ನಂತರ ಆ ಅಲರ್ಟ್‌ನ ಪ್ರಾಪರ್ಟೀಸ್‌ಗೆ ಹೋಗಿ, 'ಅಲರ್ಟ್ ಆಕ್ಷನ್' ಪುಟದಲ್ಲಿ ಇವೆಂಟ್ ಲಾಗ್‌ಗೆ ಬರೆಯುವ ಆಯ್ಕೆಗೆ ಗುರುತು ಹಾಕಬೇಕು. ಬಹಳ ಜನ ಎಡವುವುದು ಇಲ್ಲಿ. ಆಯ್ಕೆಯಲ್ಲಿ 'ಅಪ್ಲಿಕೇಶನ್ ಲಾಗ್' ಎಂದಿದ್ದರೂ ಈಗಿನ ವಿಂಡೋಸ್‌ನಲ್ಲಿ ಆ ದಾಖಲೆ ಬೀಳುವುದು 'ಅಪ್ಲಿಕೇಶನ್ಸ್ ಆ್ಯಂಡ್ ಸರ್ವಿಸಸ್ ಲಾಗ್ಸ್' ಒಳಗೆ ಮೈಕ್ರೋಸಾಫ್ಟ್, ವಿಂಡೋಸ್, 'ಡಯಾಗ್ನೋಸಿಸ್-ಪಿಎಲ್‌ಎ' ಎಂಬಲ್ಲಿ, ಇವೆಂಟ್ 2031 ಆಗಿ. ಸೆಟ್ ಅನ್ನು 'ಸ್ಟಾರ್ಟ್' ಮಾಡಲು ಮರೆಯಬಾರದು. ರೀಸ್ಟಾರ್ಟ್ ಆದ ಮೇಲೆ ಅದು ತಾನಾಗಿ ಶುರುವಾಗುವುದೂ ಇಲ್ಲ.

ಇನ್ನೊಂದು ಮಿತಿ ಜಾಗದ್ದು. ಮುಖ್ಯ ಲಾಗ್‌ಗಳಿಗೆ ಸಾಮಾನ್ಯವಾಗಿ ಇರುವುದು ತಲಾ 20 ಎಂಬಿ. ತುಂಬಿದರೆ ಹಳೆಯದು ಅಳಿಸಿ ಹೊಸದು ಬರುತ್ತದೆ. ಮನೆಗೆ ಇದು ಸಾಕು, ಕಚೇರಿಗೆ ಸಾಲದು. ಸೈಬರ್ ಸುರಕ್ಷತೆಯ ಕೇಂದ್ರ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು, ಡೇಟಾ ಸೆಂಟರ್‌ಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಕಾಪಾಡಬೇಕು, ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕು. ಹಾಗಾಗಿ ಲಾಗ್‌ಗಳನ್ನು ಬೇರೊಂದು ಸರ್ವರ್‌ಗೆ ಕಳಿಸುತ್ತಿರುವುದೇ ಸರಿ. ಒಳನುಗ್ಗಿದವರು ಮೊದಲು ಕೈ ಹಾಕುವುದೂ ಹಲವು ಬಾರಿ ಲಾಗ್‌ಗೇ. ಸೆಕ್ಯುರಿಟಿ ಲಾಗ್ ಅಳಿಸಿದರೆ, 'ಅಳಿಸಲಾಗಿದೆ' ಎಂಬ ಇವೆಂಟ್ 1102 ಮಾತ್ರ ಅಲ್ಲೇ ಉಳಿಯುತ್ತದೆ.

ಮೈಕ್ರೋಸಾಫ್ಟ್ ತಾನಾಗಿ ಯಾರಿಗೂ ಫೋನ್ ಮಾಡುವುದಿಲ್ಲ, ಅದರ ಎರರ್ ಸಂದೇಶಗಳಲ್ಲಿ ಫೋನ್ ನಂಬರ್ ಇರುವುದೂ ಇಲ್ಲ. ಆಗಲೇ ಯಾರಿಗಾದರೂ ರಿಮೋಟ್ ಪ್ರವೇಶ ಕೊಟ್ಟಿದ್ದರೆ ಮೊದಲು ಇಂಟರ್ನೆಟ್ ಕಡಿದು, ಬೇರೆ ಸಾಧನದಿಂದ ಪಾಸ್‌ವರ್ಡ್ ಬದಲಿಸಿ, ಬ್ಯಾಂಕ್‌ಗೂ 1930 ಸಹಾಯವಾಣಿಗೂ ತಿಳಿಸಬೇಕು. ಆತುರದಲ್ಲಿ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದರೆ ಸಾಕ್ಷ್ಯವೂ ಹೋಗುತ್ತದೆ. ಅದಕ್ಕೂ ಮೊದಲು ಇವೆಂಟ್ ವ್ಯೂವರ್‌ನಲ್ಲಿ ಸಿಸ್ಟಂ, ಸೆಕ್ಯುರಿಟಿ, ಅಪ್ಲಿಕೇಶನ್ ಲಾಗ್‌ಗಳ ಮೇಲೆ ರೈಟ್ ಕ್ಲಿಕ್ ಮಾಡಿ, 'ಸೇವ್ ಆಲ್ ಇವೆಂಟ್ಸ್ ಆ್ಯಸ್' ಕೊಟ್ಟು, ಮೂರನ್ನೂ ಪೆನ್ ಡ್ರೈವ್‌ಗೆ ಉಳಿಸಿಕೊಳ್ಳಬೇಕು.