ದಾದರದ ಮೂಕಚಿತ್ರವೂ ಹೋಟೆಲಿನ ಆಳೂ

ದಾದರದ ಫಾಳ್ಕೆ ರಸ್ತೆಯಲ್ಲಿ ನಾವು ನಿತ್ಯವೂ ಓಡಾಡುತ್ತೇವೆ. ‘ರಾಜಾ ಹರಿಶ್ಚಂದ್ರ’ ಮೂಕಚಿತ್ರಕ್ಕೆ ದಾದಾಸಾಹೇಬ ಫಾಳ್ಕೆಯವರು ಬಿಡಾರ ಹೂಡಿದ್ದುದು ಇಲ್ಲಿಯೇ. 1913ರ ಮೇ 3ರಂದು ಅದು ಗಿರಗಾಂವದಲ್ಲಿ ತೆರೆಕಂಡಿತು. ನಟಿಯರು ದೊರೆಯದೆ, ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ದುಡಿಯುತ್ತಿದ್ದ ಅಣ್ಣಾ ಸಾಳುಂಕೆಯವರನ್ನೇ ತಾರಾಮತಿಯಾಗಿಸಿದರು. 10 ರೂಪಾಯಿ ಸಂಬಳದವರಿಗೆ 15! 1917ರ ‘ಲಂಕಾದಹನ’ದಲ್ಲಂತೂ ರಾಮನೂ ಅವರೇ, ಸೀತೆಯೂ ಅವರೇ.

ಅದರ ಹಿಂದಿನ ವರ್ಷ ಅಮೆರಿಕೆಯಲ್ಲಿ ಚಾಪ್ಲಿನ್ನರು ಗಿರವಿ ಅಂಗಡಿಯ ಎಡವಟ್ಟು ಆಳಾಗಿ, ಗಿರಾಕಿಯ ಗಡಿಯಾರವನ್ನು ಡಬ್ಬಿಯಂತೆ ಕೊರೆದು, ಬಿಚ್ಚಿ ಹರವಿ ಲೋಕವನ್ನು ನಗಿಸಿದ್ದರು. ಆ ನಗೆಗೆ ಭಾಷೆ ಬೇಡ. ಮರಾಠಿ ಬಾರದೆ ಊರಿನಿಂದ ಬಂದು, ಹಗಲು ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರು ನಮ್ಮ ಹಿರಿಯರಲ್ಲಿ ಬಹುಮಂದಿ. ಅವರ ಕೈಜಾರಿ ಒಡೆದ ಬಸಿಯ ಬೆಲೆ ಮಾತ್ರ ಸಂಬಳದಲ್ಲಿ ಮುರಿದುಹೋಗುತ್ತಿತ್ತು.