ಕೋವಿಯ ಹ್ಯಾಂಡ್‌ಗಾರ್ಡ್: ಮರದ್ದೋ, ಪ್ಲಾಸ್ಟಿಕ್ಕೋ? ಬದಲಿಸುವ ಮೊದಲು ತಿಳಿದಿರಲಿ

ಕೈಲ್ ಪೊಳ್ದ್ ಬಂತೆಂದರೆ ಕೊಡಗಿನ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಶುರು. ಮಳೆಗಾಲವೆಲ್ಲ ಮೂಲೆ ಸೇರಿದ್ದ ಕೋವಿ ಸೆಪ್ಟೆಂಬರ್ ಮೊದಲ ವಾರ ಹೊರಗೆ ಬರುತ್ತೆ. ಕಳೆದ ವರ್ಷ ಸರಿಯಾಗಿ ಬೀಳುತ್ತಿದ್ದ ಗುಂಡು ಈ ಸಲ ಪಕ್ಕಕ್ಕೆ ಹೋದರೆ ಹೆಚ್ಚಿನವರು ಮೊದಲು ಸೈಟ್ ತಿರುಗಿಸ್ತಾರೆ. ಎಷ್ಟೋ ಸಲ ತಪ್ಪು ಸೈಟ್‌ನದ್ದಲ್ಲ, ನಳಿಗೆಯ ಕೆಳಗೆ ನಾವು ಕೈಕೊಟ್ಟು ಹಿಡಿಯುವ ಭಾಗದ್ದು. ಅದೇ ಹ್ಯಾಂಡ್‌ಗಾರ್ಡ್ ಅಥವಾ ಫೋರ್‌ಎಂಡ್.

ಮಳೆಗೂ ಗುರಿಗೂ ಏನು ಸಂಬಂಧ?

ಮರ ತೇವ ಹೀರಿ ಉಬ್ಬುತ್ತದೆ. ಉಬ್ಬಿದ ಫೋರ್‌ಎಂಡ್ ನಳಿಗೆಯನ್ನು ಒಂದು ಬದಿಯಿಂದ ಒತ್ತಿದರೆ ಗುಂಡು ಬೀಳುವ ಜಾಗವೇ ಬದಲಾಗುತ್ತೆ. ಬಿಸಿಲಿಗೆ ಒಣಗಿದರೆ ಮತ್ತೆ ಬೇರೆ ಕಡೆ. ಹೀಗಾಗಿ ಸೈಟ್ ಎಷ್ಟು ತಿರುಗಿಸಿದರೂ ಗುರಿ ನಿಲ್ಲಲ್ಲ.

ಮನೆಯಲ್ಲೇ ಪರೀಕ್ಷೆ

ಮೊದಲು ಕೋವಿಯಲ್ಲಿ ಗುಂಡಿಲ್ಲ ಎಂದು ಎರಡು ಸಲ ನೋಡ್ಕೊಳ್ಳಿ. ನಂತರ ಒಂದು ಕಾಗದದ ಪಟ್ಟಿಯನ್ನು ನಳಿಗೆ ಮತ್ತು ಮರದ ನಡುವೆ ತೂರಿಸಿ, ತುದಿಯಿಂದ ಹಿಂದಕ್ಕೆ ಎಳೆಯಿರಿ. ಸರಾಗವಾಗಿ ಹೋದರೆ ನಳಿಗೆ ಬಿಡುವಾಗಿದೆ. ಒಂದೇ ಬದಿ ಸಿಕ್ಕಿಕೊಂಡರೆ ಅಲ್ಲಿ ಮರ ಒತ್ತುತ್ತಿದೆ. ಕೆಲವು ರೈಫಲ್‌ಗಳಲ್ಲಿ ತುದಿಯಲ್ಲಿ ಒತ್ತು ಇರಬೇಕೆಂದೇ ತಯಾರಕರು ಕೂರಿಸಿರುತ್ತಾರೆ. ಆದ್ದರಿಂದ ನೀವೇ ಮರ ಉಜ್ಜಲು ಹೋಗಬೇಡಿ. ಸ್ಟಾಕ್‌ನ ಸ್ಕ್ರೂ ಸಡಿಲವಾಗಿದ್ದರೂ ಗುಂಡು ಚದುರುತ್ತೆ, ಅದನ್ನೂ ನೋಡಿ.

ಯಾವುದು ಯಾರಿಗೆ?

ಅಕ್ರೋಟ್ ಮರ: ನೋಟಕ್ಕೂ ಕೈಗೂ ಹಿತ. ಆದರೆ ನಮ್ಮ ಮಳೆಗೆ ಆರೈಕೆ ಬೇಕು. ಹೊರಗೆ ಪಾಲಿಶ್ ಹೊಡೆದರೆ ಸಾಲದು. ನಳಿಗೆ ಕೂರುವ ಒಳಗಿನ ಕಾಲುವೆಗೂ ತುದಿಗೂ ಅಗಸೆ ಎಣ್ಣೆ ಅಥವಾ ವಾರ್ನಿಷ್ ಹತ್ತಬೇಕು.

ಲ್ಯಾಮಿನೇಟ್: ತೆಳು ಮರದ ಪದರಗಳನ್ನು ಅಂಟಿಸಿ ಮಾಡಿದ್ದು. ಬಾಗುವುದು ಕಮ್ಮಿ, ತೂಕ ಜಾಸ್ತಿ. ಗುರಿ ಸ್ಪರ್ಧೆಗೆ ಆ ತೂಕವೇ ಅನುಕೂಲ.

ಸಿಂಥೆಟಿಕ್: ತೇವಕ್ಕೆ ಜಗ್ಗಲ್ಲ, ಹಗುರ. ಆದರೆ ಅಗ್ಗದ್ದು ಹಿಡಿದರೆ ಬಾಗಿ ನಳಿಗೆಗೆ ತಾಗುತ್ತೆ. ಕೊಳ್ಳುವಾಗ ಕೈಯಲ್ಲಿ ಒತ್ತಿ ನೋಡಿ.

ಆಕಾರವೂ ಮುಖ್ಯ. ಮರಳಿನ ಚೀಲದ ಮೇಲಿಟ್ಟು ಹೊಡೆಯುವವರಿಗೆ ಅಗಲವಾದ, ಚಪ್ಪಟೆ ತಳದ ಫೋರ್‌ಎಂಡ್ ಅಲುಗಾಡಲ್ಲ. ನಿಂತು ಹೊಡೆಯುವವರಿಗೆ ಕೈ ತುಂಬುವಷ್ಟು ದುಂಡಗಿದ್ದರೆ ಸಾಕು. ಚೀಲದ ಮೇಲೆ ಇಡುವಾಗಲೂ ಫೋರ್‌ಎಂಡ್ ಇಡಿ, ನಳಿಗೆ ಇಡಬೇಡಿ.

ಆನ್‌ಲೈನ್ ಫೋಟೋ ನೋಡಿ ಮೋಸ ಹೋಗಬೇಡಿ

ಫೋಟೋದಲ್ಲಿ ಕಾಣುವ ತೂತುತೂತಿನ ಅಲ್ಯೂಮಿನಿಯಂ ಕೊಳವೆ ಹೆಚ್ಚಾಗಿ ಎಆರ್ ಮಾದರಿ ರೈಫಲ್‌ಗಳದ್ದು. ನಮ್ಮಲ್ಲಿನ ಸಾಮಾನ್ಯ .22 ಬೋಲ್ಟ್ ರೈಫಲ್‌ಗೆ ಅದು ಕೂರಲ್ಲ. ಇಂಥ ರೈಫಲ್‌ಗಳಲ್ಲಿ ಫೋರ್‌ಎಂಡ್ ಮತ್ತು ಹಿಂಭಾಗ ಸಾಮಾನ್ಯವಾಗಿ ಒಂದೇ ತುಂಡು. ಬದಲಿಸುವುದಾದರೆ ಇಡೀ ಸ್ಟಾಕ್ ಬದಲಿಸಬೇಕು, ಅದೂ ಅದೇ ಮಾಡೆಲ್‌ನದ್ದು.

12 ಬೋರ್ ಜೋಡಿ ನಳಿಗೆ ಕೋವಿಯ ಕತೆ ಬೇರೆ. ಅದರ ಫೋರ್‌ಎಂಡ್ ಒಳಗಿನ ಕಬ್ಬಿಣ ನಳಿಗೆಯನ್ನು ಬಾಡಿಗೆ ಬಿಗಿಯುತ್ತೆ. ಹ್ಯಾಮರ್ ಹೊರಗೆ ಕಾಣದ ಬಹುತೇಕ ಕೋವಿಗಳಲ್ಲಿ ಮಡಚಿದಾಗ ಕುದುರೆ ಏರುವುದೂ ಅದರ ಸಹಾಯದಿಂದಲೇ. ಬೇರೆ ಕೋವಿಯದ್ದು ತಂದು ಹಾಕಿದರೆ ಅಪಾಯ.

ಕಾನೂನು ಮರೆಯಬೇಡಿ

ಕೋವಿ ರಿಪೇರಿ ಮಾಡುವವರಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಬೇಕು. ಬಡಗಿ ಎಷ್ಟೇ ಪಳಗಿದವರಾದರೂ ಲೈಸೆನ್ಸ್ ಇಲ್ಲದಿದ್ದರೆ ಅವರ ಕೈಗೆ ಕೋವಿ ಕೊಡಬೇಡಿ. ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ. ಆದರೆ ವಿನಾಯಿತಿ ಇದೆ ಅಂತ ಬೇಟೆಗೆ ಹೋಗುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎಲ್ಲರಿಗೂ ಒಂದೇ.

ಕೊನೆಗೊಂದು ಮಾತು: ಮಳೆಗಾಲದಲ್ಲಿ ಕೋವಿಯನ್ನು ಚರ್ಮದ ಚೀಲದೊಳಗೆ ಬಿಡಬೇಡಿ, ಚೀಲ ತೇವ ಹಿಡಿದಿಡುತ್ತೆ. ಬೀಗ ಹಾಕಿದ, ಗಾಳಿಯಾಡುವ ಒಣ ಕಪಾಟಿನಲ್ಲಿಡಿ. ಹಬ್ಬಕ್ಕೆ ಎರಡು ವಾರ ಮೊದಲೇ ಕಾಗದದ ಪರೀಕ್ಷೆ ಮಾಡಿದರೆ ರಿಪೇರಿಗೂ ಸಮಯ ಸಿಗುತ್ತೆ. ತೋಕ್ ಪೂ ಇಟ್ಟು ಪೂಜೆ ಮಾಡುವ ದಿನ ನೋಡಿದರೆ ತಡವಾಯ್ತು.