ಆಕರಕೋಶಗಳ ಅತಿಶೈತ್ಯ ಸಂಗ್ರಹ (ಕೋವಿಡ್ ಕಾಲ)

ದಾನಿಯ ರಕ್ತ ಅಥವಾ ಅಸ್ಥಿಮಜ್ಜೆಯಿಂದ ಪಡೆದ ರಕ್ತಜನಕ ಆಕರಕೋಶಗಳನ್ನು ಕಸಿಗೆ ಮುನ್ನ ಹೆಪ್ಪುಗಟ್ಟಿಸಿ ಕಾಯ್ದಿಡುವ ವಿಧಾನ. ಪರರ ದಾನದ ಕೋಶಗಳನ್ನು ತಾಜಾ ಇರುವಾಗಲೇ, ಸಾಮಾನ್ಯವಾಗಿ 72 ಗಂಟೆಗಳೊಳಗೆ, ರೋಗಿಗೆ ಏರಿಸುವುದು ಹಳೆಯ ರೂಢಿ.

2020ರ ಮಾರ್ಚ್‌ನಲ್ಲಿ ಭಾರತದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲಿ ದಾಖಲಾಯಿತು. ತಿಂಗಳು ಮುಗಿಯುವ ಮೊದಲೇ, ದೂರದ ದಾನಿಗಳ ಕೋಶಗಳನ್ನು ತರುವ ವಿಮಾನಗಳೂ ನಿಂತವು. ಕಸಿಯ ಸಂಕಟ ಇರುವುದು ಇಲ್ಲಿಯೇ. ಹೊಸ ಕೋಶ ಬರುವ ಮೊದಲು ತೀವ್ರ ಕೀಮೋಥೆರಪಿಯಿಂದ ರೋಗಿಯ ಮಜ್ಜೆಯನ್ನು ಬರಿದು ಮಾಡಿರುತ್ತಾರೆ. ಆಗ ದಾನಿಗೆ ಸೋಂಕು ತಗುಲಿದರೆ, ಅಥವಾ ಕೋಶದ ಪೆಟ್ಟಿಗೆ ಗಡಿಯಲ್ಲಿ ಸಿಕ್ಕಿಕೊಂಡರೆ, ಹಿಂದಿರುಗುವ ದಾರಿಯಿಲ್ಲ. ಹಾಗಾಗಿ ಅಮೆರಿಕ, ಯುರೋಪಿನ ಕಸಿ ಸಂಸ್ಥೆಗಳು ಆ ತಿಂಗಳಲ್ಲೇ ಕ್ರಮವನ್ನು ತಿರುವಿಹಾಕಿದವು: ಮೊದಲು ಕೋಶ ಕೈಸೇರಲಿ, ಕೀಮೋ ಆಮೇಲೆ.

ಕೋಶಗಳಿಗೆ ಹೆಪ್ಪುಗಟ್ಟುವಾಗಿನ ಹಾನಿ ತಡೆಯುವ ಡಿಎಂಎಸ್‌ಒ ದ್ರಾವಣವನ್ನು ಸುಮಾರು ಶೇ. 10ರಷ್ಟು ಬೆರೆಸಿ, ನಿಮಿಷಕ್ಕೆ ಸುಮಾರು 1 ಡಿಗ್ರಿಯಂತೆ ನಿಧಾನ ತಣಿಸಿ, ದ್ರವ ಸಾರಜನಕದಲ್ಲಿ (-196 ಡಿಗ್ರಿ ಸೆಲ್ಸಿಯಸ್) ಅಥವಾ ಅದರ ಆವಿಯಲ್ಲಿ ಇಡುತ್ತಾರೆ. ಅವಸರಪಟ್ಟರೆ ಒಳಗಿನ ನೀರು ಮಂಜಿನ ಸೂಜಿಯಾಗಿ ಕೋಶವನ್ನೇ ಸೀಳುತ್ತದೆ. ಕರಗಿಸಿ ಏರಿಸಿದಾಗ ಡಿಎಂಎಸ್‌ಒದಿಂದಾಗಿ ರೋಗಿಯ ಉಸಿರು ಬೆಳ್ಳುಳ್ಳಿಯಂತೆ ನಾರುವುದುಂಟು. ಕರಗಿಸುವಾಗ ಒಂದಷ್ಟು ಕೋಶಗಳು ಸಾಯುತ್ತವೆ. ಮಜ್ಜೆಯನ್ನು ಹೆಪ್ಪುಗಟ್ಟಿಸುವುದು ರಕ್ತದಿಂದ ಪಡೆದ ಕೋಶಗಳಿಗಿಂತ ಕಷ್ಟ. ರೋಗಿಯ ಸ್ಥಿತಿ ಕೆಟ್ಟು ಕಸಿ ರದ್ದಾದರೆ ದಾನ ವ್ಯರ್ಥವಾಗುವುದು ನೈತಿಕ ತೊಡಕು.

ಕರ್ನಾಟಕದಲ್ಲಿ ದಾನಿಗಳ ನೋಂದಣಿ ನಡೆಸುವ ಸಂಸ್ಥೆಗಳಲ್ಲಿ ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಇಂಡಿಯಾ ಒಂದು.